ಪಡಸಾಲೆಯಲ್ಲಿ ಕೂತು ಕರಡಿ ನೋಡುವುದು

ಕಾಡಿನ ನೀರುಗುಂಡಿ, ಹೊಳೆ, ಹಕ್ಕಿಗೂಡುಗಳ ಬಳಿ ಕ್ಯಾಮೆರಾ ಇಟ್ಟು ಹಗಲಿರುಳು ನೇರಪ್ರಸಾರ ಮಾಡುವವರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯವರು ಪತ್ರ ಬರೆದಿದ್ದಾರೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

*

ಮೇಡಂ, ನಮಸ್ಕಾರ. ನಮ್ಮದು ಲಿಂಗಸುಗೂರು. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಆರು. ಏಪ್ರಿಲ್, ಮೇ ರಜೆಯಲ್ಲಿ ಹನ್ನೊಂದು ಗಂಟೆ ದಾಟಿದರೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ, ಅಂಥ ಬಿಸಿಲು. ಒಳಗಿದ್ದರೆ ಮೊಬೈಲ್ ಬೇಕು, ಮೊಬೈಲ್ ಕೊಟ್ಟರೆ ಬರೀ ಕಾರ್ಟೂನ್. ನೇರಪ್ರಸಾರದ ಪ್ರಾಣಿಗಳನ್ನಾದರೂ ನೋಡಲಿ ಎಂದು ಹಚ್ಚಿಕೊಟ್ಟೆ. ಅರ್ಧ ಗಂಟೆ ಕತ್ತಲು ಬಿಟ್ಟು ಏನೂ ಕಾಣಲಿಲ್ಲ, ದಿನದ ಡೇಟಾ ಮಾತ್ರ ಖರ್ಚಾಯಿತು. ಯಾವುದನ್ನು, ಯಾವ ಹೊತ್ತಿನಲ್ಲಿ ನೋಡಬೇಕು?
(ಒಬ್ಬ ತಾಯಿ, ಲಿಂಗಸುಗೂರು)

ನೀವು ಮಧ್ಯಾಹ್ನದ ಹೊತ್ತು ಅಮೆರಿಕದ ಕ್ಯಾಮೆರಾ ಹಚ್ಚಿರಬೇಕು. ಇಲ್ಲಿ ನೆತ್ತಿ ಸುಡುವಾಗ ಅಲ್ಲಿ ನಡುರಾತ್ರಿ. ಆ ಕತ್ತಲೆಯನ್ನೇ ಮೊದಲ ಪಾಠ ಮಾಡಿಕೊಳ್ಳಿ. ಅಲ್ಲಿ ಯಾಕೆ ರಾತ್ರಿ ಎಂದು ಮಗ ಕೇಳಿದರೆ ಒಂದು ಚೆಂಡು, ಒಂದು ಬ್ಯಾಟರಿ ತಂದು ತೋರಿಸಿಬಿಡಿ.

ನಿಮ್ಮ ಮಕ್ಕಳ ವಯಸ್ಸಿಗೆ ನಾನು ಮೊದಲು ಹೇಳುವುದು ಆಫ್ರಿಕಾದ ನೀರುಗುಂಡಿಗಳನ್ನು. ನಮೀಬಿಯಾ, ದಕ್ಷಿಣ ಆಫ್ರಿಕಾ ನಮಗಿಂತ ಮೂರೂವರೆ ಗಂಟೆ ಹಿಂದೆ. ನಮ್ಮಲ್ಲಿ ರಾತ್ರಿ ಎಂಟಾದಾಗ ಅಲ್ಲಿ ಸಂಜೆ ನಾಲ್ಕೂವರೆ, ಪ್ರಾಣಿಗಳು ನೀರಿಗೆ ಬರುವ ಹೊತ್ತು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣಗಾಲ. ಕಾಡಿನ ಹೊಂಡಗಳು ಬತ್ತಿದಷ್ಟೂ ಕ್ಯಾಮೆರಾ ಇರುವ ಗುಂಡಿಗೆ ಸಂದಣಿ ಹೆಚ್ಚು. ನಮೀಬ್ ಮರುಭೂಮಿಯ ಗುಂಡಿಯೊಂದರ ನೇರಪ್ರಸಾರ ಯೂಟ್ಯೂಬಿನಲ್ಲಿ ಸಿಗುತ್ತದೆ. ನೆಟ್ಟಗಿನ ಉದ್ದ ಕೊಂಬಿನ ಓರಿಕ್ಸ್, ಸ್ಪ್ರಿಂಗ್‌ಬಾಕ್ ಎಂಬ ಜಿಂಕೆ, ಉಷ್ಟ್ರಪಕ್ಷಿ, ಜೀಬ್ರಾ, ನರಿ ಬರುತ್ತವೆ. ಆನೆ ಬೇಕೆಂದರೆ ದಕ್ಷಿಣ ಆಫ್ರಿಕಾದ ಟೆಂಬೆ ಆನೆಧಾಮದ ಗುಂಡಿ. ಅದನ್ನು ತೋರಿಸುವ ಆಫ್ರಿಕ್ಯಾಮ್ ಸಂಸ್ಥೆ 1998ರಿಂದ ಈ ಕೆಲಸದಲ್ಲಿದೆ.

ಜೂನ್ ಕೊನೆಗೆ ಅಲಾಸ್ಕಾದ ಕರಡಿಗಳು ಶುರುವಾಗುತ್ತವೆ. ಕಟ್ಮಾಯ್ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಜಲಪಾತದಲ್ಲಿ ಕಂದು ಕರಡಿಗಳು ಸಾಲಾಗಿ ನಿಂತು, ಮೇಲಕ್ಕೆ ಜಿಗಿಯುವ ಸಾಮನ್ ಮೀನನ್ನು ಬಾಯಲ್ಲೇ ಹಿಡಿಯುತ್ತವೆ. ಬೇಸಿಗೆಯಲ್ಲಿ ಅಲಾಸ್ಕಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ ಏಳು ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಶಾಲೆಗೆ ಹೋಗುವ ಮೊದಲು ಒಂದಿಷ್ಟು ಹೊತ್ತು ನೋಡಬಹುದು.

ಡೇಟಾ ವಿಷಯ: ವಿಡಿಯೊ ಗುಣಮಟ್ಟವನ್ನು 480ಕ್ಕೆ ಇಳಿಸಿದರೆ ಗಂಟೆಗೆ ಅರ್ಧ ಜಿಬಿ ಆಸುಪಾಸು ಖರ್ಚು. ತಾನಾಗಿಯೇ ಏರಲು ಬಿಟ್ಟರೆ ಒಂದೂವರೆ ಜಿಬಿ ಪ್ಯಾಕು ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಭಾರತೀಯ ಮಕ್ಕಳ ವೈದ್ಯರ ಸಂಘ ಐದರಿಂದ ಹತ್ತು ವರ್ಷದವರಿಗೆ ಎಲ್ಲ ಪರದೆಗಳೂ ಸೇರಿ ದಿನಕ್ಕೆ ಎರಡು ಗಂಟೆಯೊಳಗಿರಲಿ ಎನ್ನುತ್ತದೆ. ಕರಡಿಯೂ ಆ ಲೆಕ್ಕದೊಳಗೇ ಬರಬೇಕು, ಕಾರ್ಟೂನಿನ ಮೇಲೆ ಕರಡಿ ಎಂದಾಗಬಾರದು.

ಇನ್ನೊಂದು ಮಾತು. ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ನಿಮಿಷ ಏನೂ ಆಗುವುದಿಲ್ಲ. ಬರೀ ನೀರು, ಗಾಳಿ, ಎರಡು ಪಾರಿವಾಳ. ಮಕ್ಕಳು "ಬೇರೇದು ಹಚ್ಚು" ಎನ್ನುತ್ತಾರೆ. ಹಚ್ಚಬೇಡಿ. ಕಾರ್ಟೂನಿನಲ್ಲಿ ಪ್ರಾಣಿ ಮಗುವಿಗಾಗಿ ಕುಣಿಯುತ್ತದೆ, ಇಲ್ಲಿ ಮಗು ಪ್ರಾಣಿಗಾಗಿ ಕಾಯಬೇಕು. ಈ ಕ್ಯಾಮೆರಾಗಳಿಂದ ಬೇರೇನೂ ಕಲಿಯದಿದ್ದರೂ ಇದೊಂದನ್ನು ಕಲಿತರೆ ನನಗೆ ಸಾಕು. ಆರು ವರ್ಷದವಳು ಕೂರುವುದು ಕಷ್ಟವಾದರೆ ಅವಳ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು ಆ ಗುಂಡಿಯ ಚಿತ್ರ ಬರೆಯಲು ಹೇಳಿ. ಪ್ರಾಣಿ ಬಂದಾಗ ಎಲ್ಲಿಂದ ಬಂತು ಎಂದು ಅದರಲ್ಲಿ ಗೆರೆ ಎಳೆಯಲಿ. ಗುಂಡಿಗಳಲ್ಲಿ ಹೆಚ್ಚಾಗಿ ಗಾಳಿಯ ಸದ್ದು, ಹಕ್ಕಿಯ ಸದ್ದು ಬಿಟ್ಟರೆ ಮಾತಿರುವುದಿಲ್ಲ. ಆದ್ದರಿಂದ ಇಂಗ್ಲಿಷ್ ಬಾರದು ಎಂಬ ಅಳುಕು ಬೇಡ. ಮಗನೇ ಕ್ರಿಕೆಟ್ಟಿನವರ ಹಾಗೆ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡಲಿ, ನೀವು ಅಡುಗೆ ಮನೆಯಿಂದ ಕೇಳಿ.

*

ಅಕ್ಕೋರಿಗೆ ಶರಣು. ಮಸ್ಕಿ ತಾಲೂಕಿನವ ನಾನು, ಹರೇದಾಗ ಕುರಿ ಕಾಯ್ದಾಂವ. ಮೊಮ್ಮಗ ಸಂಜಿಮುಂದ ಮೊಬೈಲ್‌ನ್ಯಾಗ ಆಫ್ರಿಕಾದ ಗುಂಡಿ ಹಚ್ಚಿಕೊಂಡು ಕುಂದರ್ತಾನ. ಅಲ್ಲಿ ನರಿ ಬಂದ್ರ ಮನಿಮಂದೀನ್ನೆಲ್ಲಾ ಕರೀತಾನ. ನಮ್ಮ ಹೊಲದ ಬದುವಿನ ಕಡೆ ನರಿ ಕೂಗಿದ್ರ ಕಿವಿ ಕೊಡಂಗಿಲ್ಲ. ತ್ವಾಳ ಎಷ್ಟು ನೋಡೀನಿ ನಾನು! ಇಲ್ಲಿದ್ದದ್ದು ಬಿಟ್ಟು ಅಲ್ಲಿದ್ದದ್ದು ನೋಡೋದು ಯಾ ಶಾಣ್ಯಾತನ್ರಿ?
(ಒಬ್ಬ ಅಜ್ಜ, ಮಸ್ಕಿ ತಾಲೂಕು)

ಅಜ್ಜಾರೆ, ಶರಣ್ರಿ. ಬಂದ ಪತ್ರಗಳಲ್ಲೆಲ್ಲ ನನಗೆ ಹೆಚ್ಚು ಹಿಡಿಸಿದ್ದು ನಿಮ್ಮದು. ಆದರೆ ಮೊಮ್ಮಗನ ಮೇಲೆ ಸಿಟ್ಟು ಬೇಡ. ಆಫ್ರಿಕಾದ ಕರಿಬೆನ್ನಿನ ನರಿಯೂ ನಿಮ್ಮ ಬದುವಿನ ನರಿಯೂ ದಾಯಾದಿಗಳೇ. ಅದನ್ನು ಕಂಡು ಕುಣಿಯುವ ಹುಡುಗನಿಗೆ ಇದರ ರುಚಿ ಹತ್ತಿಸುವುದು ಕಷ್ಟವಲ್ಲ. ಅಲ್ಲಿಯದು ಕಣ್ಣಿಗೆ ಬೀಳುತ್ತದೆ, ಇಲ್ಲಿಯದು ಬರೀ ಕಿವಿಗೆ ಬೀಳುತ್ತದೆ, ವ್ಯತ್ಯಾಸ ಅಷ್ಟೇ. ನಡುವೆ ನೀವು ಬೇಕು.

ಹೀಗೆ ಮಾಡಿ. ಅವನು ಮೊಬೈಲು ಆರಿಸಿದ ಮೇಲೆ ನಿಮ್ಮ ಸರದಿ. ತೋಳ ಹಟ್ಟಿಯ ಹತ್ತಿರ ಬಂದದ್ದು ನಾಯಿ ಬೊಗಳುವ ಮುಂಚೆ ನಿಮಗೆ ಹೇಗೆ ತಿಳಿಯುತ್ತಿತ್ತು? ಕುರಿಗಳು ಹೇಗೆ ನಿಲ್ಲುತ್ತಿದ್ದವು, ಯಾವ ಕಡೆ ಮುಖ ಮಾಡುತ್ತಿದ್ದವು? ಒಂದೇ ತೋಳ ಬರುತ್ತಿತ್ತೋ, ಎರಡು ಬಂದು ಒಂದು ನಾಯಿಯನ್ನು ಅತ್ತ ಎಳೆಯುತ್ತಿತ್ತೋ? ತೋಳದ ಹೆಜ್ಜೆಗೂ ನಾಯಿಯ ಹೆಜ್ಜೆಗೂ ಏನು ಫರಕು? ಇವನ್ನೆಲ್ಲ ಹೇಳಿ, ಅವನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿ. ನಮ್ಮ ಬಯಲುಸೀಮೆಯ ತೋಳ ದಟ್ಟಕಾಡಿನ ಪ್ರಾಣಿಯಲ್ಲ, ಕುರುಚಲು ಗುಡ್ಡ, ಹುಲ್ಲುಗಾವಲು, ಹೊಲದಂಚಿನದು. ಅದರ ಬದುಕನ್ನು ಕುರಿ ಕಾಯುವವರಷ್ಟು ಹತ್ತಿರದಿಂದ ಬೇರೆ ಯಾರು ನೋಡಿದ್ದಾರೆ? ಹುಲಿಗಿರುವಂತೆ ತೋಳಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇದೆ. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಜೀವಿಧಾಮವೂ ಇದೆ. ಇದನ್ನು ಕೇಳಿದರೆ ಹುಡುಗನಿಗೆ ಅಜ್ಜನ ತೋಳದ ಮೇಲೆ ಗೌರವ ಹೆಚ್ಚೀತು.

ನಿಮ್ಮ ಮಾತಿನಲ್ಲಿ ನಿಜವೂ ಇದೆ. ಆಫ್ರಿಕಾದ ಹತ್ತು ಪ್ರಾಣಿಯ ಹೆಸರು ಹೇಳಿ, ಅಂಗಳದ ಹಕ್ಕಿಗಳಲ್ಲಿ ಕಾಗೆ, ಗುಬ್ಬಿ ಬಿಟ್ಟು ಮೂರನೆಯದು ಗೊತ್ತಿಲ್ಲದ ಮಕ್ಕಳು ನಮ್ಮಲ್ಲಿ ಬಹಳ. ಕ್ಯಾಮೆರಾ ನೋಡಿದ ಮೇಲೂ ಇದು ಹಾಗೇ ಉಳಿದರೆ ಡೇಟಾ ದಂಡ.

*

ಸಿಂಧನೂರು ತಾಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ ನಾನು. ಸ್ಮಾರ್ಟ್ ಬೋರ್ಡ್ ಬಂದಿದೆ, ನೆಟ್ ಮಾತ್ರ ನನ್ನ ಮೊಬೈಲಿನದೇ. ತರಗತಿಯಲ್ಲಿ ನಲವತ್ತು ಮಕ್ಕಳು, ಅವಧಿ ನಲವತ್ತು ನಿಮಿಷ. ಶಾಲೆಯ ಹೊತ್ತಿನಲ್ಲಿ ನೋಡುವಂಥದ್ದು ಏನಿದೆ? ಬರೀ ತಮಾಷೆಯಾಗದೆ ಪಾಠವಾಗುವುದು ಹೇಗೆ?
(ಒಬ್ಬ ಶಿಕ್ಷಕರು, ಸಿಂಧನೂರು ತಾಲೂಕು)

ಸರ್, ಬೆಳಗಿನ ಮೊದಲ ಅವಧಿ ಕೇಳಿ ತೆಗೆದುಕೊಳ್ಳಿ. ನಮ್ಮ ಹತ್ತು ಗಂಟೆಗೆ ಅಲಾಸ್ಕಾದಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ. ಜುಲೈನಲ್ಲಿ ಆಗಲೂ ಅಲ್ಲಿ ಚೆನ್ನಾಗಿ ಬೆಳಕಿರುತ್ತದೆ. ರಾತ್ರಿ ಎಂಟೂವರೆಗೆ ಬಿಸಿಲೇ ಎಂದು ಮಕ್ಕಳು ಬಾಯಿ ಬಿಡುವಾಗ ಭೂಗೋಳದ ಶಿಕ್ಷಕರನ್ನೂ ಕರೆಯಿರಿ. ಕರಡಿ ಬೇಡವಾದರೆ ಅದೇ ಹೊತ್ತಿಗೆ ಆಫ್ರಿಕಾದ ಗುಂಡಿಗಳಲ್ಲಿ ಬೆಳಗಿನ ಆರೂವರೆ. ನ್ಯೂಜಿಲೆಂಡಿನಲ್ಲಿ ಸಂಜೆ ನಾಲ್ಕೂವರೆ.

ಆ ನ್ಯೂಜಿಲೆಂಡಿನದನ್ನು ನಾನು ವಿಶೇಷವಾಗಿ ಹೇಳುತ್ತೇನೆ. ಟಯರೋವಾ ಭೂಶಿರದಲ್ಲಿ ರಾಯಲ್ ಆಲ್‌ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಗೂಡಿಗೆ ಅಲ್ಲಿಯ ಸಂರಕ್ಷಣಾ ಇಲಾಖೆ ಮತ್ತು ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ ಸೇರಿ ಕ್ಯಾಮೆರಾ ಇಟ್ಟಿವೆ. ಒಂದೇ ಮೊಟ್ಟೆ, ಸುಮಾರು ಹನ್ನೊಂದು ವಾರ ಕಾವು, ಅದೂ ಗಂಡು ಹೆಣ್ಣು ಪಾಳಿಯ ಮೇಲೆ. ಮರಿ ಜನವರಿ ಕೊನೆಗೋ ಫೆಬ್ರವರಿಗೋ ಹೊರಬಂದರೆ ಹಾರುವುದು ಸೆಪ್ಟೆಂಬರ್ ಹೊತ್ತಿಗೆ. ನಿಮ್ಮ ಶಾಲೆ ಜೂನ್‌ನಲ್ಲಿ ಶುರುವಾದಾಗ ಆ ಬಿಳಿ ಮರಿ ಚಳಿಗಾಲದ ಗಾಳಿಗೆ ಗುಡ್ಡದ ಮೇಲೆ ಒಂಟಿಯಾಗಿ ಕೂತಿರುತ್ತದೆ. ಅಪ್ಪ ಅಮ್ಮ ಕಡಲಿನಿಂದ ಬಂದು ಉಣಿಸಿ ಹೋಗುತ್ತಾರೆ. ವಾರಕ್ಕೊಮ್ಮೆ ಐದು ನಿಮಿಷ ನೋಡಿದರೂ ಮೂರು ತಿಂಗಳಲ್ಲಿ ತುಪ್ಪುಳ ಹೋಗಿ ಗರಿ ಬರುವುದನ್ನು ಮಕ್ಕಳು ತಾವೇ ಕಾಣುತ್ತಾರೆ. ಬೆಳವಣಿಗೆ ಎಂಬ ಪಾಠಕ್ಕೆ ಇದಕ್ಕಿಂತ ಬೇರೆ ಚಿತ್ರಪಟ ಬೇಕೆ?

ಪಾಠವಾಗಬೇಕಾದರೆ ಕೆಲಸ ಹಂಚಿ. ಒಂದು ಗುಂಪು ನಿಮಿಷಕ್ಕೊಮ್ಮೆ ಪ್ರಾಣಿ ಏನು ಮಾಡುತ್ತಿದೆ ಎಂದು ಬರೆಯಲಿ: ನಿಂತಿದೆ, ತಿನ್ನುತ್ತಿದೆ, ಸುತ್ತ ನೋಡುತ್ತಿದೆ. ಇನ್ನೊಂದು ಗುಂಪು ಎಷ್ಟು ಬಂದವು, ಎಷ್ಟು ಹೋದವು ಎಂಬ ಲೆಕ್ಕ ಇಡಲಿ. ಕಟ್ಟುನಿಟ್ಟು ಒಂದೇ: ಕಂಡದ್ದನ್ನು ಬರೆಯಬೇಕು, ಅಂದುಕೊಂಡದ್ದನ್ನಲ್ಲ. "ಕರಡಿಗೆ ಸಿಟ್ಟು ಬಂದಿದೆ" ಎಂದು ಬರೆದವನನ್ನು, ಏನು ನೋಡಿ ಹಾಗೆ ಹೇಳಿದೆ ಎಂದು ಕೇಳಿ. ಕಿವಿ ಹಿಂದಕ್ಕೆ ಮಡಚಿತ್ತು, ಬಾಯಿ ತೆರೆದಿತ್ತು ಎಂದು ಉತ್ತರ ಬಂದರೆ ವಿಜ್ಞಾನದ ಪಾಠ ಆಯಿತು. ಮುಂದಿನ ವಾರ ಅದೇ ಪಟ್ಟಿ ಹಿಡಿದು ಶಾಲೆಯ ಹಿಂದಿನ ಭತ್ತದ ಗದ್ದೆಗೆ ಹೋಗಿ. ತುಂಗಭದ್ರೆಯ ಕಾಲುವೆ ನೀರು ಬಂದು ಟ್ರ್ಯಾಕ್ಟರ್ ಕೆಸರು ತುಳಿಯುವಾಗ ಅದರ ಹಿಂದೆ ನಡೆಯುವ ಬೆಳ್ಳಕ್ಕಿಗಳಿಗೆ ನೆಟ್ ಬೇಡ, ಕರೆಂಟೂ ಬೇಡ.

*

ನಾನು ಎಂಟನೇ ತರಗತಿ. ರಾತ್ರಿ ಕ್ಯಾಮೆರಾದಲ್ಲಿ ಎಲ್ಲವೂ ಕಪ್ಪು ಬಿಳುಪು ಯಾಕೆ? ಪ್ರಾಣಿಗಳ ಕಣ್ಣು ದೀಪದ ಹಾಗೆ ಯಾಕೆ ಹೊಳೆಯುತ್ತವೆ? ಬೆಳಕು ಬಿದ್ದರೆ ಅವು ಹೆದರುವುದಿಲ್ಲವೇ?
(ವಿದ್ಯಾರ್ಥಿನಿ, ಲಿಂಗಸುಗೂರು)

ತಂಗೀ, ಒಳ್ಳೆಯ ಪ್ರಶ್ನೆ. ರಾತ್ರಿ ಆ ಕ್ಯಾಮೆರಾದ ಪಕ್ಕ ಉರಿಯುವುದು ಅವಕೆಂಪು ದೀಪ. ಅದರ ಬೆಳಕು ನಮ್ಮ ಕಣ್ಣಿಗೆ ಕಾಣದು, ಪ್ರಾಣಿಗಳಿಗೂ ಅಷ್ಟಾಗಿ ಕಾಣದು. ಕ್ಯಾಮೆರಾಕ್ಕೆ ಕಾಣುತ್ತದೆ. ಆದರೆ ಅದರಲ್ಲಿ ನಾವು ಬಣ್ಣ ಎನ್ನುವುದು ಇರುವುದಿಲ್ಲ, ಅದಕ್ಕೇ ಕಪ್ಪು ಬಿಳುಪು. ಮನೆಯಲ್ಲೇ ಪರೀಕ್ಷಿಸು: ಟಿವಿ ರಿಮೋಟಿನ ತುದಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ತೋರಿಸಿ ಗುಂಡಿ ಒತ್ತು. ಬರಿಗಣ್ಣಿಗೆ ಕಾಣದ ಬೆಳಕು ಪರದೆಯಲ್ಲಿ ಮಿನುಗುತ್ತದೆ.

ಕಣ್ಣು ಹೊಳೆಯುವುದು ಅದರ ಹಿಂಭಾಗದಲ್ಲಿ ಬೆಳಕನ್ನು ತಿರುಗಿಸಿ ಕಳಿಸುವ ಒಂದು ಪದರ ಇರುವುದರಿಂದ. ಒಳಗೆ ಬಂದ ಬೆಳಕು ಎರಡು ಸಲ ಉಪಯೋಗಕ್ಕೆ ಬರುತ್ತದೆ, ಮಬ್ಬಿನಲ್ಲೂ ದಾರಿ ಕಾಣುತ್ತದೆ. ಆಡು, ಕುರಿ, ಎಮ್ಮೆ, ಬೆಕ್ಕು, ನಾಯಿಗೆ ಇದೆ. ಮನುಷ್ಯರಿಗೂ ಹಂದಿಗೂ ಇಲ್ಲ. ರಾತ್ರಿ ದೂರದಿಂದ ಒಂದು ಕ್ಷಣ ಬ್ಯಾಟರಿ ಬಿಟ್ಟು ನಿಮ್ಮ ದನದ ಕೊಟ್ಟಿಗೆಯಲ್ಲಿ ಯಾರ ಕಣ್ಣು ಯಾವ ಬಣ್ಣಕ್ಕೆ ಹೊಳೆಯುತ್ತದೆ ಎಂದು ಬರೆದು ಕಳಿಸು.

*

ಅಲಾಸ್ಕಾ, ಆಫ್ರಿಕಾ ಎಲ್ಲ ಆಯಿತು. ನಮ್ಮ ಕರ್ನಾಟಕದ ಕಾಡುಗಳಲ್ಲಿ ಯಾಕೆ ಹೀಗೆ ಕ್ಯಾಮೆರಾ ಹಾಕಿ ತೋರಿಸುವುದಿಲ್ಲ?
(ಒಬ್ಬ ತಂದೆ, ಹಟ್ಟಿ)

ನಮ್ಮ ಕಾಡುಗಳಲ್ಲಿ ಕ್ಯಾಮೆರಾಗಳಿಗೆ ಬರವಿಲ್ಲ. ಉಲ್ಲಾಸ ಕಾರಂತರು 1990ರ ದಶಕದಲ್ಲೇ ನಾಗರಹೊಳೆಯಲ್ಲಿ ಕ್ಯಾಮೆರಾ ಬಲೆ ಹೂಡಿ ಹುಲಿ ಎಣಿಸಿದರು. ಎರಡು ಹುಲಿಗಳ ಪಟ್ಟೆ ಒಂದೇ ತೆರನಾಗಿ ಇರುವುದಿಲ್ಲವಾದ್ದರಿಂದ ಚಿತ್ರ ಸಿಕ್ಕರೆ ಹುಲಿಯ ಗುರುತು ಸಿಕ್ಕಂತೆ. 2022ರ ಗಣತಿಯಲ್ಲಿ ನಮ್ಮ ರಾಜ್ಯಕ್ಕೆ 563 ಹುಲಿ ಎಂಬ ಅಂದಾಜು ಬಂದದ್ದೂ ಇದೇ ವಿಧಾನದ ಆಧಾರದಿಂದ. ಆದರೆ ಹುಲಿ ಈ ಗಳಿಗೆ ಇಂಥ ಕೆರೆಯಲ್ಲಿ ನೀರು ಕುಡಿಯುತ್ತಿದೆ ಎಂದು ಊರಿಗೆಲ್ಲ ತೋರಿಸಿದರೆ ಬೇಟೆಗಾರನಿಗೂ ತೋರಿಸಿದಂತೆ. ಹುಲಿಯ ಚಿತ್ರ ಹಂಚಿಕೊಳ್ಳುವವರೂ ಜಾಗ ಬಚ್ಚಿಡುವುದು ಇದಕ್ಕೇ. ಮೃಗಾಲಯಗಳಿಗೆ ಈ ಭಯವಿಲ್ಲ. ಚೆನ್ನೈ ಹತ್ತಿರದ ವಂಡಲೂರು ಮೃಗಾಲಯ ತನ್ನ ಪ್ರಾಣಿಗಳನ್ನು ನೇರಪ್ರಸಾರದಲ್ಲಿ ತೋರಿಸಿದ್ದು ಲಾಕ್‌ಡೌನ್ ದಿನಗಳಲ್ಲಿ ಎಷ್ಟೋ ಮಕ್ಕಳಿಗೆ ಆಸರೆಯಾಗಿತ್ತು. ಕನ್ನಡದ ಧ್ವನಿಯಲ್ಲಿ ನಮ್ಮದೇ ಕಾಡು ನೋಡಬೇಕೆಂದರೆ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ತೆಗೆದ 'ವೈಲ್ಡ್ ಕರ್ನಾಟಕ' ಚಿತ್ರಕ್ಕೆ ರಿಷಬ್ ಶೆಟ್ಟಿ ನಿರೂಪಣೆ ಕೊಟ್ಟಿದ್ದಾರೆ.

ಆದರೆ ನಿಮಗೆ ಇನ್ನೂ ಒಳ್ಳೆಯ ದಾರಿ ಇದೆ. ಗಂಗಾವತಿ ದಾಟಿ ಕಮಲಾಪುರದ ಕಡೆ ಹೋದರೆ ದರೋಜಿ ಕರಡಿಧಾಮ, 1994ರಲ್ಲಿ ಆದದ್ದು. ಅಲ್ಲಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುತ್ತಾರೆ. ಬಿಸಿಲು ಇಳಿದಂತೆ ಕರಡಿಗಳು ಗುಡ್ಡದಿಂದ ಇಳಿದು ನೆಕ್ಕುತ್ತವೆ, ಎದುರಿನ ಗೋಪುರದಿಂದ ನೋಡಬಹುದು. ಮಗು ಜುಲೈನಲ್ಲಿ ಅಲಾಸ್ಕಾದ ಕರಡಿ ನೋಡಿಕೊಂಡು ಹೋದರೆ ಪ್ರಶ್ನೆಗಳು ತಾನಾಗಿ ಹುಟ್ಟುತ್ತವೆ. ಅಲಾಸ್ಕಾದ ಕರಡಿ ಮೀನು ತಿಂದು ಕೊಬ್ಬಿ, ಚಳಿಗಾಲವೆಲ್ಲ ಗುಹೆಯಲ್ಲಿ ಮಲಗುತ್ತದೆ. ಅದರ ಕೊಬ್ಬನ್ನೇ ಹಬ್ಬ ಮಾಡಿ, 2014ರಿಂದ ಪ್ರತಿ ವರ್ಷ ಜನರ ಮತ ಹಾಕಿಸಿ ದಪ್ಪ ಕರಡಿಯನ್ನು ಆರಿಸುತ್ತಾರೆ. ನಮ್ಮದು ಹಾಗೆ ತಿಂಗಳುಗಟ್ಟಲೆ ಮಲಗುವುದಿಲ್ಲ. ಗೆದ್ದಲು, ಇರುವೆ, ಹಣ್ಣು, ಜೇನು ತಿನ್ನುತ್ತದೆ. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲಿಲ್ಲ, ಆ ಸಂದಿನಿಂದ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುತ್ತದೆ, ಅಲಾಸ್ಕಾದ ತಾಯಿಗೆ ಆ ರೂಢಿ ಇಲ್ಲ. ಬೆಲ್ಲ ಬಳಿದು ಕರೆಯುವುದು ಸರಿಯೇ ಎಂದು ಮಗು ಕೇಳಿದರೆ ತಡೆಯಬೇಡಿ. ನನಗೂ ಆ ಅನುಮಾನ ಇದೆ.

ನೀರುನಾಯಿಗಳನ್ನೂ ಹೀಗೇ ಹೋಲಿಸಿ ನೋಡಬಹುದು. ಕ್ಯಾಲಿಫೋರ್ನಿಯದ ಮಾಂಟೆರೆ ಬೇ ಅಕ್ವೇರಿಯಂ ಕಡಲ ನೀರುನಾಯಿಗಳನ್ನು ನೇರ ತೋರಿಸುತ್ತದೆ, ಅಲ್ಲಿಯ ಹಗಲು ನಮ್ಮ ರಾತ್ರಿ. ಅವು ಅಂಗಾತ ತೇಲುತ್ತ ಹೊಟ್ಟೆಯ ಮೇಲೆ ಕಲ್ಲಿಟ್ಟು ಚಿಪ್ಪು ಒಡೆಯುತ್ತವೆ. ಸಿಂಧನೂರಿಗೆ ನೀರು ಕೊಡುವ ತುಂಗಭದ್ರೆಯಲ್ಲೂ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಅವುಗಳಿಗಾಗಿ ಮೀಸಲಿಡಲಾಯಿತು. ಇವು ಸಿಹಿನೀರಿನವು, ಸಂಸಾರ ಸಮೇತ ಸೇರಿ ಮೀನು ಹಿಡಿಯುತ್ತವೆ.

*

"ಲೈವ್" ಎಂದು ಬರೆದದ್ದನ್ನೆಲ್ಲ ನಂಬಬಹುದೇ? ನನ್ನ ಮಗಳು ನೋಡುವ ಒಂದರಲ್ಲಿ ಅದೇ ಜಿಂಕೆ ಅದೇ ರೀತಿ ಬಂದು ಹೋಗುತ್ತದೆ.
(ಒಬ್ಬ ತಂದೆ, ಮಸ್ಕಿ)

ನಿಮ್ಮ ಮಗಳ ಕಣ್ಣು ಚುರುಕಾಗಿದೆ, ಅದು ಹಳೆಯ ವಿಡಿಯೊವನ್ನು ತಿರುತಿರುಗಿ ಬಿಟ್ಟದ್ದೇ ಇರಬೇಕು. ಆ ದೇಶದಲ್ಲಿ ಈಗ ಎಷ್ಟು ಹೊತ್ತು ಎಂದು ನೋಡಿ. ಅಲ್ಲಿ ನಡುರಾತ್ರಿಯಾಗಿ ಪರದೆಯಲ್ಲಿ ಬಿಸಿಲಿದ್ದರೆ ಲೈವ್ ಅಲ್ಲ. ಪ್ರಾಮಾಣಿಕ ವಾಹಿನಿಗಳೂ ಋತು ಮುಗಿದ ಮೇಲೆ ಹಳೆಯ ದೃಶ್ಯ ಹಾಕುತ್ತವೆ, ಆದರೆ ಹಳೆಯದೆಂದು ಬರೆದಿರುತ್ತವೆ. ಉದ್ಯಾನ, ವಿಶ್ವವಿದ್ಯಾಲಯ, ಮೃಗಾಲಯದ ಹೆಸರು ಸ್ಪಷ್ಟವಾಗಿ ಇರುವುದನ್ನೇ ಆರಿಸಿ. ಹೆಬ್ಬಾವಿನ ಬಾಯಿಂದ ನಾಯಿಮರಿ ಬಿಡಿಸುವ "ರಕ್ಷಣೆ" ವಿಡಿಯೊಗಳನ್ನು ಮನೆಗೆ ಸೇರಿಸಲೇಬೇಡಿ. ಕ್ಯಾಮೆರಾಕ್ಕಾಗಿಯೇ ಆ ಮರಿಯನ್ನು ಹಾವಿನ ಮುಂದೆ ಇಟ್ಟದ್ದು ಅವುಗಳಲ್ಲಿ ಎಷ್ಟೋ.

*

2025ರಲ್ಲಿ ಮಕ್ಕಳ ಜೊತೆ ಕ್ಯಾಲಿಫೋರ್ನಿಯದ ಹದ್ದಿನ ಗೂಡು ನೋಡುತ್ತಿದ್ದೆವು. ಮೂರು ಮರಿಗಳಿದ್ದವು. ಮಾರ್ಚ್‌ನಲ್ಲಿ ಒಂದು ಹಿಮದ ರಾತ್ರಿ ಕಳೆದ ಮೇಲೆ ಎರಡೇ ಉಳಿದವು. ಮಗಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮತ್ತೆ ತೋರಿಸಲು ಭಯವಾಗುತ್ತದೆ.
(ಒಬ್ಬ ತಾಯಿ, ಲಿಂಗಸುಗೂರು)

ಅಮ್ಮಾ, ಅದು ಬಿಗ್ ಬೇರ್ ಕಣಿವೆಯ ಜಾಕಿ ಮತ್ತು ಶ್ಯಾಡೋ ಎಂಬ ಬೋಳು ಹದ್ದುಗಳ ಗೂಡು. ಹಿಂದಿನ ವರ್ಷ ಅವು ಮೂರು ಮೊಟ್ಟೆಗೆ ಕಾವು ಕೊಟ್ಟರೂ ಒಂದೂ ಮರಿಯಾಗಿರಲಿಲ್ಲ. ಉಳಿದ ಎರಡು ಮರಿಗಳಿಗೆ ಅಲ್ಲಿಯ ಮೂರನೇ ತರಗತಿಯ ಮಕ್ಕಳು ಮತ ಹಾಕಿ ಸನ್ನಿ, ಗಿಜ್ಮೋ ಎಂದು ಹೆಸರಿಟ್ಟರು. ಜೂನ್‌ನಲ್ಲಿ ಎರಡೂ ಹಾರಿದವು. ಮಗಳಿಗೆ ಇದನ್ನೂ ಹೇಳಿದ್ದೀರಿ ತಾನೆ?

"ಮರಿ ಮಲಗಿದೆ", "ಬೇರೆ ಕಡೆ ಹೋಗಿದೆ" ಎನ್ನಬೇಡಿ. ಸತ್ತಿದೆ, ಬಹುಶಃ ಚಳಿ ತಡೆಯಲಿಲ್ಲ ಎನ್ನಿ. ನಮ್ಮ ಕಡೆಯ ಮಕ್ಕಳು ಕುರಿಮರಿ ಸಾಯುವುದನ್ನು ಕಂಡವರು, ನಿಜ ಕೇಳಿ ಮುರಿದುಹೋಗುವುದಿಲ್ಲ, ಸುಳ್ಳು ಗೊತ್ತಾದರೆ ನೊಂದುಕೊಳ್ಳುತ್ತಾರೆ. ಯಾರೂ ಹೋಗಿ ಏಕೆ ಉಳಿಸಲಿಲ್ಲ ಎಂದು ಅವಳು ಕೇಳುತ್ತಾಳೆ. ಮನುಷ್ಯ ಮರ ಹತ್ತಿದರೆ ದೊಡ್ಡ ಹದ್ದುಗಳು ಗೂಡು ಬಿಟ್ಟು ಏಳುತ್ತವೆ, ಆಗ ಉಳಿದ ಎರಡಕ್ಕೂ ಚಳಿ ಎಂದು ವಿವರಿಸಿ. 2024ರ ಜುಲೈನಲ್ಲಿ ಬ್ರೂಕ್ಸ್ ಜಲಪಾತದಲ್ಲಿ ಗ್ರೇಜರ್ ಎಂಬ ತಾಯಿ ಕರಡಿಯ ಮರಿಗಳು ನೀರಿನಲ್ಲಿ ಕೊಚ್ಚಿ ಕೆಳಗೆ ಬಂದವು, ಚಂಕ್ ಎಂಬ ಭಾರಿ ಗಂಡು ಕರಡಿ ಅವುಗಳ ಮೇಲೆ ಎರಗಿತು, ಒಂದು ಸತ್ತಿತು. ಕ್ಯಾಮೆರಾ ಅದನ್ನೂ ತೋರಿಸಿತು. ಆ ವರ್ಷದ ದಪ್ಪ ಕರಡಿ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಅದೇ ಗ್ರೇಜರ್ ಅದೇ ಚಂಕ್ ಅನ್ನು ಸೋಲಿಸಿತು. 2025ರಲ್ಲಿ ಚಂಕ್, ದವಡೆ ಮುರಿದುಕೊಂಡೂ, ತಾನೇ ಗೆದ್ದಿತು. ಇದರಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಮಕ್ಕಳು ವಾದ ಮಾಡಲಿ, ನೀವು ತೀರ್ಪು ಕೊಡಬೇಡಿ.

ಒಂದೇ ಎಚ್ಚರಿಕೆ: ಏಳೆಂಟು ವರ್ಷದೊಳಗಿನವರನ್ನು ಗೂಡಿನ ಕ್ಯಾಮೆರಾ ಮುಂದೆ ಒಂಟಿಯಾಗಿ ಕೂರಿಸಬೇಡಿ. ನೀರುಗುಂಡಿಗಿಂತ ಗೂಡಿನಲ್ಲಿ ಸಾವು ಹೆಚ್ಚು, ಅದೂ ಹತ್ತಿರದಿಂದ.

*

ಮನೆಯಲ್ಲಿ ಹಳೆಯ ಮೊಬೈಲ್ ಇದೆ. ಮಲ್ಲಿಗೆ ಬಳ್ಳಿಯಲ್ಲಿ ಒಂದು ಹಕ್ಕಿ ಗೂಡು ಕಟ್ಟಿದೆ. ಎದುರು ಮೊಬೈಲ್ ಇಟ್ಟು ನಮ್ಮದೇ ಲೈವ್ ಮಾಡೋಣ ಎಂದು ಮಗ ಹಟ ಹಿಡಿದಿದ್ದಾನೆ.
(ಒಬ್ಬ ತಂದೆ, ಲಿಂಗಸುಗೂರು)

ಗೂಡಿಗೆ ಬೇಡ. ನೇರಪ್ರಸಾರದ ಗೂಡಿನ ಕ್ಯಾಮೆರಾಗಳನ್ನು ಸಾಮಾನ್ಯವಾಗಿ ಹಕ್ಕಿ ಬರುವ ಮುಂಚೆಯೇ ಕಟ್ಟಿರುತ್ತಾರೆ. ಮೊಟ್ಟೆ ಇಟ್ಟ ಮೇಲೆ ನೀವು ಎಲೆ ಸರಿಸಿ ದಿನಾ ನಾಲ್ಕು ಸಲ ಹತ್ತಿರ ಹೋದರೆ ತಾಯಿ ಬಿಟ್ಟುಹೋದೀತು, ಇಲ್ಲವೇ ಕಾಗೆಗೂ ಬೆಕ್ಕಿಗೂ ದಾರಿ ತೋರಿಸಿದಂತಾದೀತು. ಗೂಡು ಕೆಡಿಸಿ ಮೊಟ್ಟೆ ತೆಗೆಯುವುದು ಕಾಯ್ದೆಗೂ ವಿರುದ್ಧ ಎಂದು ಮಗನಿಗೆ ಈಗಲೇ ಗೊತ್ತಿರಲಿ.

ಬದಲು ಮಾಳಿಗೆಯ ಮೇಲೆ ನೆರಳಿರುವ ಮೂಲೆಯಲ್ಲಿ ಒಂದು ಅಗಲದ ಮಣ್ಣಿನ ಬೋಗುಣಿಯಲ್ಲಿ ನೀರಿಡಿ, ಎರಡು ಬೆರಳಿನಷ್ಟೇ ಆಳ, ನಡುವೆ ಒಂದು ಕಲ್ಲು. ಮೊಬೈಲನ್ನು ಆರೇಳು ಅಡಿ ದೂರ ಇಟ್ಟಿಗೆಗೆ ಒರಗಿಸಿ. ಬೆಳಿಗ್ಗೆ ಆರರಿಂದ ಎಂಟು ಸಾಕು. ಆಮೇಲೆ ನಮ್ಮ ಬಿಸಿಲಿಗೆ ಮೊಬೈಲೇ ಕಾದು ಬಂದಾಗುತ್ತದೆ. ಗುಬ್ಬಿ, ಪಿಕಳಾರ, ಹರಟೆಮಲ್ಲ, ಅಳಿಲು ಬಂದೇ ಬರುತ್ತವೆ. ಗುರುತು ಹಿಡಿಯಲು ತೇಜಸ್ವಿಯವರ 'ಹಕ್ಕಿಪುಕ್ಕ' ಪುಸ್ತಕ ಇದೆ. ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಎಂಬ ಉಚಿತ ಆ್ಯಪ್ ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಫೆಬ್ರವರಿಯಲ್ಲಿ ನಡೆಯುವ ಹಿತ್ತಲ ಹಕ್ಕಿ ಗಣತಿಯ ದಿನಗಳಲ್ಲಿ ಬರೆದಿಟ್ಟ ಲೆಕ್ಕವನ್ನು ಅವನೇ ಅದಕ್ಕೆ ಸೇರಿಸಬಹುದು.

ನೀರನ್ನು ಮಾತ್ರ ದಿನಾ ಚೆಲ್ಲಿ ಹೊಸದು ತುಂಬಿ. ಇಲ್ಲದಿದ್ದರೆ ಹಕ್ಕಿಗಿಂತ ಮುಂಚೆ ಸೊಳ್ಳೆ ಬಂದು ಮೊಟ್ಟೆ ಇಟ್ಟಿರುತ್ತದೆ. ಮಗ ಅದನ್ನೂ ಲೈವ್ ಮಾಡುತ್ತೇನೆ ಎಂದಾನು, ಒಪ್ಪಬೇಡಿ.